ಸಸಿ ಗೇಣುದ್ದ ಆದರೆ ಕ್ರಿಸ್‌ಮಸ್

ಡಿಸೆಂಬರ್ ನಡುವಿಗೆ ಹಂಪಿಯ ಹೊಳೆಯಾಚೆಯ ಸಾಣಾಪುರದಲ್ಲಿ ರೂಮು ಸಿಗುವುದು ಕಷ್ಟ. ಹತ್ತಿರದ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ತೆರವು ಮಾಡಿದ ಮೇಲೆ ಬೆನ್ನಿಗೆ ಚೀಲ ಹೊತ್ತ ಪ್ರವಾಸಿಗರ ದಂಡು ಈ ಕಡೆ ಹೊರಳಿದೆ. ಕೆರೆಯಲ್ಲಿ ಹರಿಗೋಲು, ದಂಡೆಯಲ್ಲಿ ಬಾಡಿಗೆ ಸ್ಕೂಟರು, ಹೋಟೆಲ್ಲುಗಳ ಮುಂದೆ ಮಿಣುಗುವ ಪ್ಲಾಸ್ಟಿಕ್ ನಕ್ಷತ್ರ. ರಸ್ತೆಯ ಆಚೆಗೆ ಮಾತ್ರ ಗಂಗಾವತಿ ಸೀಮೆ ತನ್ನ ಪಾಡಿಗೆ ತಾನಿರುತ್ತದೆ. ಮುಂಗಾರಿನ ಭತ್ತ ಕೊಯ್ದಾಗಿದೆ, ಹುಲ್ಲು ಬಣವೆ ಸೇರಿದೆ, ಎರಡನೇ ಬೆಳೆಗೆ ಸಸಿಮಡಿ ಸಿದ್ಧವಾಗುತ್ತಿದೆ.

ನಾನು ಅಲ್ಲಿಗೆ ಹೋದದ್ದು ಕೆರೆ ನೋಡಲಿಕ್ಕಲ್ಲ, ಒಂದು ತಗಡಿನ ಟ್ರೇ ನೋಡಲಿಕ್ಕೆ.

ರೆಸಾರ್ಟಿನ ಅಡುಗೆಮನೆಯಿಂದ ಹೊರಬಿದ್ದ, ಮೂಲೆ ಸೊಟ್ಟಗಾದ ಬಿಸ್ಕತ್ತಿನ ಟ್ರೇ ಅದು. ಅದರ ತುಂಬ ಕಾಲುವೆಯ ಮಣ್ಣು, ಮಣ್ಣಿನ ಮೇಲೆ ಒತ್ತೊತ್ತಾಗಿ ರಾಗಿ ಮತ್ತು ಜೋಳದ ಮೊಳಕೆ. ಅದರ ಒಡತಿ ಮುದಗಲ್ ತವರಿನ ಒಬ್ಬ ಅಜ್ಜಿ. ಮಗ ರೆಸಾರ್ಟಿನಲ್ಲಿ ಅಡುಗೆಯವನು, ಸೊಸೆ ಮಂಗಳೂರು ಕಡೆಯವಳು. ಆರು ವರ್ಷದ ಮೊಮ್ಮಗಳು, ನಾಲ್ಕು ವರ್ಷದ ಮೊಮ್ಮಗ. ಬಾಡಿಗೆ ಮನೆಯ ಪಡಸಾಲೆಯ ಮೂಲೆಯಲ್ಲಿ ಇವರೆಲ್ಲ ಸೇರಿ ಪ್ರತಿವರ್ಷ ಗೋದಲಿ ಕಟ್ಟುತ್ತಾರೆ. ಯೇಸು ಹುಟ್ಟಿದ ಕೊಟ್ಟಿಗೆಯ ಆ ಪುಟ್ಟ ಪ್ರತಿರೂಪವನ್ನು ಕ್ರಿಸ್‌ಮಸ್ ಹೊತ್ತಿಗೆ ಚರ್ಚುಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಮನೆಯೊಳಗೆ, ಅದೂ ಚಿಕ್ಕ ಮಕ್ಕಳ ಕೈಯಲ್ಲಿ ಅದು ಏಳುವ ಬಗೆ ಬೇರೆಯೇ.

ಸಸಿ ಹಾಕುವ ಕ್ರಮ ಸರಳ ಅನಿಸುತ್ತದೆ, ಆದರೆ ಕೆಡುವುದು ಅಷ್ಟೇ ಸುಲಭ. ರಾಗಿಯನ್ನೂ ಜೋಳವನ್ನೂ ಬೇರೆಬೇರೆಯಾಗಿ ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಬೇಕು. ಬಿಳಿಯ ಮೂತಿ ಇಣುಕಿದ ಮೇಲೆ ತೇವದ ಮಣ್ಣಿನ ಮೇಲೆ ಹರಡಿ, ಒಂದೆರಡು ದಿನ ಗೋಣಿತಟ್ಟು ಮುಚ್ಚಬೇಕು. ತಟ್ಟು ತೆಗೆದಾಗ ಮೊಳಕೆ ಹಳದಿಯಾಗಿರುತ್ತದೆ. ಬೆಳಗಿನ ಬಿಸಿಲಿಗಿಟ್ಟರೆ ಹಸಿರಾಗುತ್ತದೆ, ಮನೆಯೊಳಗೇ ಬಿಟ್ಟರೆ ಹಳದಿಯಾಗಿಯೇ ಉದ್ದ ಬೆಳೆದು ಮಲಗಿಬಿಡುತ್ತದೆ. ರಾಗಿ ಕುಳ್ಳಗೆ ಒತ್ತಾಗಿ ಬರುವುದರಿಂದ ಅದು ಹುಲ್ಲುಗಾವಲು. ಜೋಳ ಎತ್ತರಕ್ಕೆ ಹೋಗುವುದರಿಂದ ಹಿಂದಿನ ಸಾಲಿನ ಕಾಡು. ಭತ್ತದ ನಾಡಿನಲ್ಲಿದ್ದೂ ಭತ್ತ ಯಾಕಿಲ್ಲ ಎಂದು ಕೇಳಿದೆ.

“ಭತ್ತ ತಡಾ ಮಾಡ್ತದ್ರಿ ಸರ. ಥಂಡ್ಯಾಗ ಏಳಂಗೇ ಇಲ್ಲ. ಹುಡುಗ್ರಿಗೆ ಅಷ್ಟು ತಾಳ್ಮಿ ಎಲ್ಲಿಂದ ಬರಬೇಕು?”

ಟ್ರೇಗೆ ದೊಡ್ಡ ಶತ್ರು ಮೊಮ್ಮಗನ ಪ್ರೀತಿ. ಅವನಿಗೆ ನೀರು ಹಾಕಿದಷ್ಟೂ ಸಾಲದು. ನಾನು ಕೂತಿದ್ದಾಗಲೇ ತಂಬಿಗೆ ಹಿಡಿದು ಬಂದ.

“ಏ ತಮ್ಮಾ, ಹೊಯ್ಯಬ್ಯಾಡ. ಕೈಯಿಂದ ಚಿಮುಕಿಸು. ಬೂಸರ ಬರ್ತದ.”

“ಆಯಿ, ಬಾಲ ಯೇಸು ಯಾವಾಗ ಬರ್ತಾನ?”

“ಸಸಿ ಇನ್ನಾ ಬೊಟ್ಟುದ್ದ ಐತಿ ನೋಡು. ಗೇಣುದ್ದ ಆಗ್ಲಿ, ಬರ್ತಾನ.”

ನಾಲ್ಕು ವರ್ಷದ ಮಗುವಿಗೆ ಡಿಸೆಂಬರ್ 25 ಎಂದರೆ ಏನೂ ಅರ್ಥವಾಗುವುದಿಲ್ಲ. ಆದರೆ ತನ್ನ ಅಂಗೈ ಬಿಡಿಸಿ ಸಸಿಯ ಪಕ್ಕಕ್ಕಿಟ್ಟು ಅಳೆಯುವುದು ಗೊತ್ತು. ಮಕ್ಕಳು ದಿನ ಎಣಿಸಲಾರದ ಇದೇ ಗೋಳನ್ನು ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾದ್ರಿಯೂ ಅನುಭವಿಸಿದ್ದ. ಅವನು ನಡೆಸುತ್ತಿದ್ದ ಬಡ ಮಕ್ಕಳ ಆಶ್ರಮದಲ್ಲಿ ಕ್ರಿಸ್‌ಮಸ್ ಯಾವಾಗ, ಯಾವಾಗ ಎಂಬ ಕಾಟ ತಡೆಯಲಾರದೆ 1839ರಲ್ಲಿ ಒಂದು ಗಾಡಿಯ ಚಕ್ರ ತಂದು, ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದಬತ್ತಿ, ಉಳಿದ ದಿನಗಳಿಗೆ ಚಿಕ್ಕವು ನೆಟ್ಟು, ದಿನಕ್ಕೊಂದರಂತೆ ಹಚ್ಚಿಸಿದ. ಇಂದು ಜಗತ್ತಿನ ಚರ್ಚುಗಳಲ್ಲಿ ಕ್ರಿಸ್‌ಮಸ್‌ಗೆ ಮೊದಲಿನ ಆಗಮನ ಕಾಲಕ್ಕೆ ಬೆಳಗುವ ನಾಲ್ಕು ಬತ್ತಿಗಳ ಹಸಿರು ಮಾಲೆಯ ಮೂಲ ಅದು. ಅದೇ 1839ರಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆದರು. ಎರಡು ವರ್ಷದ ಮೇಲೆ ಕೊಪ್ಪಳದ ನೆರೆಯ ಗದಗ-ಬೆಟಗೇರಿಗೂ ಬಂದರು. ಆ ಮಾಲೆ ಅವರ ಜೊತೆ ಇಲ್ಲಿಗೆ ಬಂತೋ ಇಲ್ಲವೋ, ನನಗಂತೂ ಬತ್ತಿಗಿಂತ ಸಸಿಯೇ ಮೇಲು. ಹುಲ್ಲಿನ ಗೋದಲಿಯ ಪಕ್ಕ ಉರಿಯುವ ಬತ್ತಿ, ಅದರ ಸುತ್ತ ಚಿಕ್ಕ ಮಕ್ಕಳು ಎಂದರೆ ಎದೆ ಝಲ್ಲೆನ್ನುತ್ತದೆ. ಈ ಮನೆಯಲ್ಲಿ ಮೇಣದಬತ್ತಿ ಊಟದ ಮೇಜಿಗೆ ಮಾತ್ರ. ಸೀರಿಯಲ್ ದೀಪದ ಸೆಟ್ಟೂ ಒದ್ದೆ ಟ್ರೇಯಿಂದ ದೂರ, ಕಿಟಕಿಯ ಸರಳಿಗೆ.

ಗೋದಲಿಯ ಚರಿತ್ರೆ ಕೇಳಿದರೆ ಅಜ್ಜಿ ಶುರುಮಾಡುವುದು ಬೆತ್ಲೆಹೇಮಿನಿಂದಲ್ಲ, ಮುದಗಲ್ಲಿನಿಂದ. “ನಮ್ಮ ಗುಡಿ ರಕ್ಕಸ-ತಂಗಡಿ ಕಾಳಗಕ್ಕಿಂತ ಹಳೀದು” ಎನ್ನುತ್ತಾರೆ. ಹಳೆಯ ಗೆಜೆಟಿಯರ್ ಕೂಡ ಅವರ ಪರವಾಗಿಯೇ ಇದೆ. ಮುದಗಲ್ಲಿನ ಕಥೋಲಿಕ ಚರ್ಚನ್ನು ಜೆಸ್ವಿಟ್ ಪಾದ್ರಿಗಳು 1557ಕ್ಕೂ ಮೊದಲೇ ಕಟ್ಟಿದರೆಂದು ಅದು ದಾಖಲಿಸುತ್ತದೆ. ವಿಜಯನಗರ ಸೋತು ಹಂಪಿ ಹಾಳಾದ ಆ ಕಾಳಗ ನಡೆದದ್ದು 1565ರಲ್ಲಿ. ಅಂದರೆ ಇಲ್ಲಿಂದ ಹೊಳೆಯಾಚೆ ಇರುವ ಹಂಪಿ ಇನ್ನೂ ತುಂಬಿ ತುಳುಕುತ್ತಿದ್ದಾಗ ಮುದಗಲ್ಲಿನಲ್ಲಿ ಕ್ರಿಸ್‌ಮಸ್ ಪೂಜೆ ನಡೆದಿರಬೇಕು. ಮೊಹರಂಗೆ ಹೆಸರಾದ ಅದೇ ಮುದಗಲ್. ಮುದಗಲ್ ಇರುವ ರಾಯಚೂರು ಜಿಲ್ಲೆ, ಸಾಣಾಪುರ ಇರುವ ಕೊಪ್ಪಳ ಜಿಲ್ಲೆ ಎರಡೂ ಈಗ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಉಳಿದ ಲೋಕದ ಚರಿತ್ರೆ ಅಜ್ಜಿಗೆ ಅಷ್ಟು ಮುಖ್ಯವಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು, ಕತ್ತೆ, ಹುಲ್ಲು ತರಿಸಿ ಮೊದಲ ಗೋದಲಿ ತೋರಿಸಿದರು ಎಂಬುದನ್ನು ನಾನೇ ಹೇಳಿದೆ. “ಹೌದ್ರಿ? ನಮ್ಮಲ್ಲಿ ಜೀವಂತ ಎತ್ತು ಮನಿಯಾಗೇ ಇರ್ತಿದ್ವು” ಅಂದರು.

ಅದು ಸುಮ್ಮನೆ ಆಡಿದ ಮಾತಲ್ಲ. ಈ ಸೀಮೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಅಂಕಣ. ಅದರ ಪಕ್ಕಕ್ಕೆ ತುಸು ಎತ್ತರದಲ್ಲಿ ಮನುಷ್ಯರ ಪಡಸಾಲೆ. ನಡುವೆ ದನಕ್ಕೆ ಮೇವು ಹಾಕುವ ತೊಟ್ಟಿ, ಅದರ ಹೆಸರೂ ಗೋದಲಿಯೇ. ಅಲ್ಲಿ ರಾತ್ರಿಯಿಡೀ ಎತ್ತು ಮೆಲುಕು ಹಾಕುವ ಸದ್ದು. ಪ್ಯಾಲೆಸ್ತೀನಿನ ಹಳೆಯ ರೈತರ ಮನೆಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದವು, ಆದ್ದರಿಂದ ಯೇಸು ಹುಟ್ಟಿದ್ದು ಊರಾಚೆಯ ಪಾಳು ಕೊಟ್ಟಿಗೆಯಲ್ಲಲ್ಲ, ಯಾರದೋ ತುಂಬಿದ ಮನೆಯ ದನದ ಅಂಕಣದಲ್ಲಿ ಎಂದು ವಾದಿಸುವ ಬೈಬಲ್ ವಿದ್ವಾಂಸರಿದ್ದಾರೆ. ಲೂಕನ ಶುಭಸಂದೇಶದಲ್ಲಿ ಗೋದಲಿಯ ಮಾತು ಇದೆಯೇ ಹೊರತು ಎತ್ತು ಕತ್ತೆಗಳ ಸುದ್ದಿಯೇ ಇಲ್ಲ. ಅವೆಲ್ಲ ಆಮೇಲೆ ಬಂದು ಸೇರಿದವು. ಕೂಸನ್ನು ಗೋದಲಿಯಲ್ಲಿ ಯಾಕೆ ಮಲಗಿಸಿದರು ಎಂದು ಯುರೋಪಿನ ಮಗುವಿಗೆ ಚಿತ್ರ ತೋರಿಸಿ ತಿಳಿಸಬೇಕು. ಕುಷ್ಟಗಿಯ ಮಗುವಿಗೆ ಅಜ್ಜನ ಮನೆ ತೋರಿಸಿದರೆ ಸಾಕು.

ಇಲ್ಲಿಯ ಮಕ್ಕಳ ಕೈಗೂ ಗೋದಲಿ ಹೊಸದಲ್ಲ. ಕಾರ ಹುಣ್ಣಿಮೆಯ ಬೆನ್ನಿಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮಕ್ಕಳು ಜೋಡೆತ್ತಿನ ಜೊತೆ ಒಂದು ಮಣ್ಣಿನ ಗೋದಲಿಯನ್ನೂ ಮಾಡುತ್ತಾರೆ. ನವರಾತ್ರಿಗೆ ಘಟ ಹಾಕುವ ಮನೆಗಳಲ್ಲಿ ಸಸಿ ಬೆಳೆಸುವುದನ್ನು ನೋಡಿರುತ್ತಾರೆ. ಈ ಮನೆಯ ಹುಡುಗಿ ಪಕ್ಕದ ಮನೆಯ ಗೆಳತಿಯರೊಂದಿಗೆ ಜೂನಿನಲ್ಲಿ ಮಾಡಿದ ಎತ್ತುಗಳಲ್ಲಿ ಒಂದನ್ನು ತೆಗೆದಿಟ್ಟಿದ್ದಳು. ಒಂದು ಕೊಂಬು ಮುರಿದಿತ್ತು. ಅದೇ ಈ ವರ್ಷದ ಗೋದಲಿಯ ಎತ್ತು. ಉಳಿದವನ್ನು ಹೊಸದಾಗಿ ಮಾಡುತ್ತಿದ್ದರು. ಎರೆಮಣ್ಣು ಒಣಗಿದರೆ ಸೀಳುವುದರಿಂದ ಅಜ್ಜಿ ಅದಕ್ಕೆ ಹಿಂಜಿದ ಹತ್ತಿ ಬೆರೆಸಿ ನಾದಿ ಕೊಡುತ್ತಾರೆ. ಕಣ್ಣಿಗೆ ಜೋಳದ ಕಾಳು. ಕೆಲವರು ಚೆಂದಕ್ಕೆಂದು ಗುಲಗಂಜಿ ಒತ್ತುತ್ತಾರೆ. ಅದು ಜಗಿದರೆ ವಿಷ, ಚಿಕ್ಕವರಿರುವ ಮನೆಯೊಳಗೆ ಅದನ್ನು ತರಲೇಬಾರದು. ಕುರಿ ಚೆನ್ನಾಗಿ ಬಂದಿತ್ತು. ಬಾಲ ಯೇಸುವನ್ನು ಕಾಣಲು ಬರುವ ಮೂವರು ರಾಯರ ಒಂಟೆ ಮಾತ್ರ ಕೈಕೊಟ್ಟಿತ್ತು. ಹುಡುಗ ಒಂಟೆ ಕಂಡಿಲ್ಲ, ಎಮ್ಮೆ ಕಂಡಿದ್ದಾನೆ. ಹೀಗಾಗಿ ಬೆನ್ನಿಗೊಂದು ಉಂಡೆ ಮೆತ್ತಿದ ಮೂರು ಎಮ್ಮೆಗಳು ರಾಯರನ್ನು ಹೊತ್ತು ಹೊರಟಿದ್ದವು. ಅವು ಕಿಟಕಿಯಿಂದ ಹೊರಟು ದಿನಕ್ಕೆ ಗೇಣು ಸರಿದು ಜನವರಿ 6ಕ್ಕೆ, ಮೂರು ರಾಯರ ಹಬ್ಬಕ್ಕೆ, ಗೋದಲಿ ತಲುಪಬೇಕು. ಹುಡುಗನ ಅವಸರ ನೋಡಿದರೆ ಅವು ಯೇಸು ಹುಟ್ಟುವ ಮೊದಲೇ ಮುಟ್ಟುವಂತಿತ್ತು.

ಬೆಟ್ಟ ಮಾಡಲಿಕ್ಕೆ ಪೇಟೆಯ ಬಣ್ಣದ ಕಾಗದ ಬೇಕಿಲ್ಲ. ಸಾಣಾಪುರದಲ್ಲಿ ಕಲ್ಲಿಗೆ ಬರವೇ? ಮಕ್ಕಳು ಹೆಕ್ಕಿ ತಂದ ಸಣ್ಣ ಗುಂಡುಗಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಿಟಕಿಯಾಚೆಯ ಗುಡ್ಡವೇ ಒಳಗೆ ಬಂದಂತೆ. ಸೂರಿಗೆ ಭತ್ತದ ಹುಲ್ಲು, ಕಂಬಕ್ಕೆ ಹತ್ತಿಕಟ್ಟಿಗೆ.

ಗೋದಲಿ ಮಾತ್ರ ಖಾಲಿ. ಬಾಲ ಯೇಸುವಿನ ಗೊಂಬೆ ಅಜ್ಜಿಯ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗಿದೆ. 24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮನೆಯ ಅತಿ ಚಿಕ್ಕವನು ಅದನ್ನು ಮಲಗಿಸಬೇಕು. ಅಷ್ಟರೊಳಗೆ ಹಾಸಿಗೆ ಮೆತ್ತಗಾಗಬೇಕಲ್ಲ! ಅದಕ್ಕೊಂದು ನೇಮವಿದೆ: ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿದ ಮಗು ಒಂದು ಎಳೆ ಹುಲ್ಲು ಹಾಕಬಹುದು. ಕಥೋಲಿಕ ಮನೆಗಳಲ್ಲಿ ಹಲವು ಕಡೆ ಇರುವ ಪದ್ಧತಿ. ಹುಡುಗಿ ಲೆಕ್ಕವಿಟ್ಟು ಹಾಕುತ್ತಾಳೆ. ಹುಡುಗ ಹಿಡಿ ತುಂಬ ಹಾಕಿಬಿಡುತ್ತಾನೆ. ಅಕ್ಕ ದೂರು ತಂದರೆ ಅಜ್ಜಿಯದು ಒಂದೇ ತೀರ್ಪು: “ಇರಲಿ ಬಿಡವ್ವಾ, ಕೂಸಿಗೆ ಬೆಚ್ಚಗಾಗ್ತದ.”

ಸೊಸೆಯ ಪಾಲಿನದು ಕುಸ್ವಾರ್. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮೊದಲೇ ಮಾಡಿ ನೆರೆಯವರಿಗೆ ತಟ್ಟೆ ತುಂಬಿ ಕಳಿಸುವ ತಿಂಡಿಗಳ ಕೂಟ: ನೆವ್ರಿ, ಕಿಡ್ಯೊ, ಗುಳಿಯೊ, ತುಕ್ಡಿ. ನೆವ್ರಿ ಈ ಕಡೆಯ ಕರಚಿಕಾಯಿಯ ತಂಗಿ, ತುಕ್ಡಿ ಶಂಕರಪೋಳಿಯೇ. ಮಕ್ಕಳಿಗೆ ಬಿಟ್ಟುಕೊಡುವುದು ಕಿಡ್ಯೊ. ಹಿಟ್ಟಿನ ಗೋಲಿಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಎಳೆದರೆ ಗೆರೆ ಬಿದ್ದ ಕಂಬಳಿಹುಳ. ಎಣ್ಣೆಯ ಹತ್ತಿರ ಯಾರೂ ಸುಳಿಯುವಂತಿಲ್ಲ.

ಇಷ್ಟೆಲ್ಲದರ ನಡುವೆ ಆ ಮನೆಯಲ್ಲಿ ಒಂದೇ ಒಂದು ಅಂಗಡಿಯ ಗೊಂಬೆ ಸೆಟ್ಟು ಇತ್ತು, ಪ್ಲಾಸ್ಟರಿನದು. ಮರಿಯಳ ಮೂಗು ಉದುರಿತ್ತು, ಜೋಸೆಫರ ಕೈಯಿಂದ ತಂತಿ ಇಣುಕುತ್ತಿತ್ತು. ಚಿಕ್ಕವರ ಕೈಗೆ ಸಿಕ್ಕರೆ ಚೂರಾಗುತ್ತದೆಂದು ಅದನ್ನು ಅಟ್ಟಕ್ಕೆ ಏರಿಸಿದ್ದರು. ಮುಟ್ಟಬಾರದ ಗೋದಲಿಯಿಂದ ಮಕ್ಕಳಿಗೆ ಏನು ಪ್ರಯೋಜನ? ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಸೆಟ್ಟುಗಳದೂ ಇದೇ ಕಥೆ. ಬೆರಳುದ್ದದ ಕುರಿ ನೇರ ಬಾಯಿಗೆ ಹೋಗುತ್ತದೆ.

ನನಗೆ ನೆನಪಾದದ್ದು ಕಿನ್ನಾಳ. ಕೊಪ್ಪಳದ ಪಕ್ಕದ ಆ ಊರಿನ ಚಿತ್ರಗಾರರು ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು ಮತ್ತು ಮರದ ಹೊಟ್ಟಿನ ಕಣಕದಿಂದ ಅವಯವ ಜೋಡಿಸಿ, ಮೇಲೆ ಉಬ್ಬು ಆಭರಣ ಬರೆದು, ಬಣ್ಣ ತುಂಬಿ ಗೊಂಬೆ ಮಾಡುತ್ತ ಬಂದವರು. ಹಂಪಿಯ ವಿರೂಪಾಕ್ಷ ದೇವಾಲಯದ ಭಿತ್ತಿಚಿತ್ರಗಳು ತಮ್ಮ ಪೂರ್ವಿಕರವು ಎಂಬ ನಂಬಿಕೆ ಅವರಲ್ಲಿದೆ. ಅವರ ಗೊಂಬೆಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ದೊರೆತಿದೆ. ಆದರೂ ಈ ಕಸುಬು ಹಿಡಿದ ಮನೆಗಳು ಕಡಿಮೆಯಾಗುತ್ತಲೇ ಇವೆ. ಮಾನ್ಯತೆಯ ಪತ್ರ ಗೋಡೆಯ ಮೇಲಿದ್ದರೆ ಒಲೆ ಉರಿಯುವುದಿಲ್ಲ, ಗಿರಾಕಿ ಬೇಕು. ಎತ್ತು, ಹಸು, ಕುದುರೆ, ಆನೆ ಮಾಡಿದ ಕೈಗೆ ಕುರಿ, ಕತ್ತೆ, ಕುರುಬ ಏನು ಕಷ್ಟ? ಚನ್ನಪಟ್ಟಣದವರು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಅರಗಿನ ಗೊಂಬೆ ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಬಿದ್ದರೆ ಒಡೆಯದ, ಮಗುವಿನ ಮುಷ್ಟಿಗೆ ಸಿಗುವ, ಬಾಯಿಗೆ ತೂರದಷ್ಟು ದಪ್ಪದ ಗೋದಲಿ ಗೊಂಬೆಗಳು ಕಿನ್ನಾಳದ್ದೇ ಆದರೆ, ನಾಳೆ ಸಾಣಾಪುರಕ್ಕೆ ಬರುವ ಪ್ರವಾಸಿಗನೂ ಒಂದು ಸೆಟ್ಟು ಚೀಲಕ್ಕೆ ಹಾಕಿಕೊಂಡಾನು.

ಅಜ್ಜಿಗೆ ಹೇಳಿದೆ. ಅವರು ನಕ್ಕು, “ಮಾಡಿಸ್ರಿ ಸರ, ಚಲೋ ಆಗ್ತದ. ನಾ ಇರೂತನಾ ಮಣ್ಣಿಂದೇ ನಡೀತದ, ಆಮ್ಯಾಲೆ ಈ ಹುಡುಗ್ರು ಯಾವ ಊರಾಗಿರ್ತಾರೋ” ಅಂದರು. ಮಗನಿಗೆ ಗೋವಾದಲ್ಲಿ ಕೆಲಸ ಸಿಗುವ ಮಾತು ನಡೆದಿದೆಯಂತೆ. ರಾಯರ ಹಬ್ಬ ಮುಗಿದ ಮೇಲೆ ಸಸಿ ತಿಪ್ಪೆಗೆ, ಮಣ್ಣು ತುಳಸಿ ಕುಂಡಕ್ಕೆ. ಟ್ರೇ ಮಾತ್ರ ತೊಳೆದು ಅಟ್ಟಕ್ಕೆ.

ಓದುಗರಲ್ಲಿ ಯಾರ ಮನೆಯಲ್ಲಾದರೂ ಚಿಕ್ಕವರಿದ್ದು, ಬರುವ ವರ್ಷ ಗೋದಲಿ ಕಟ್ಟುವ ಮನಸ್ಸಿದ್ದರೆ ರಾಗಿ ನೆನೆಸಲು ಡಿಸೆಂಬರ್ 12, 13 ಸರಿಯಾದ ದಿನ. ಗೊಂಬೆಗೆ ಅಷ್ಟು ತಡಮಾಡಬೇಡಿ. ಮರ ಕೆತ್ತಿ, ಅಂಟು ಆರಿ, ಬಣ್ಣ ಒಣಗಲು ದಿನ ಬೇಕು. ದೀಪಾವಳಿ ಮುಗಿದ ಕೂಡಲೇ ಒಮ್ಮೆ ಕಿನ್ನಾಳಕ್ಕೆ ಹೋಗಿ ಹೇಳಿ ಬನ್ನಿ.