ಲಂಡನ್ ದರ, ನಮ್ಮ ಕಣದ ಕಾಫಿ

ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ಮೊದಲೇ ಮೊಬೈಲ್ ತೆಗೆದು ಲಂಡನ್ ದರ ನೋಡುವುದು ನನಗೊಂದು ಚಟ. ಮೂಡಿಗೆರೆ ಹತ್ತಿರ ನಮ್ಮದು ಮೂರೇ ಎಕರೆ ರೊಬಸ್ಟಾ. ಲಂಡನ್ನಿನಲ್ಲಿ ಕಾಫಿ ತೋಟವಿಲ್ಲ. ಆದರೂ ರೊಬಸ್ಟಾಕ್ಕೆ ಜಗತ್ತು ಬೆಲೆ ಕಟ್ಟುವುದು ಅಲ್ಲಿನ ವಾಯಿದಾ ಪೇಟೆಯಲ್ಲಿ. ಅರೇಬಿಕಾಕ್ಕಾದರೆ ನ್ಯೂಯಾರ್ಕ್.

2024ರಲ್ಲಿ ವಿಯೆಟ್ನಾಂಗೆ ಬರ ಬಡಿಯಿತು. ರೊಬಸ್ಟಾ ಬೆಳೆಯುವುದರಲ್ಲಿ ಅವರೇ ಮೊದಲಿಗರು. ಆ ಸೆಪ್ಟೆಂಬರ್ ಹೊತ್ತಿಗೆ ಲಂಡನ್ ದರ ಟನ್ನಿಗೆ 5,000 ಡಾಲರ್ ದಾಟಿತ್ತು. ಅದಕ್ಕೂ ಮೊದಲೇ ನಮ್ಮೂರ ವ್ಯಾಪಾರಿ 50 ಕಿಲೋ ಚೆರಿ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಮೂಟೆಗೆ 10,000 ರೂಪಾಯಿ ಅಂದಾಗ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದ್ದೆ. ಆ ದುಡ್ಡಲ್ಲಿ ಮನೆ ಹೆಂಚು ಬದಲಾಯಿತು. ಯಾರದೋ ಬರ ನಮ್ಮ ಸುಗ್ಗಿಯಾಯಿತಲ್ಲ ಎಂಬ ಕಸಿವಿಸಿ ಮಾತ್ರ ಹೋಗಲಿಲ್ಲ.

ಅಪ್ಪನಿಗೆ ಇದೇ ಆಟ ತಿರುಗುಮುರುಗು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. ಯಾವ ದೇಶ ಎಷ್ಟು ಮಾರಬೇಕೆಂಬ ಕಟ್ಟು ಬಿಚ್ಚಿದ್ದೇ ತಡ, ಗೋದಾಮುಗಳಲ್ಲಿದ್ದ ಕಾಫಿ ಪೇಟೆಗೆ ಸುರಿದು ಬೆಲೆ ಕುಸಿಯಿತು. 2001ರ ಹೊತ್ತಿಗಂತೂ ವಿಯೆಟ್ನಾಂನ ಹೊಸ ಬೆಳೆಯ ಭಾರಕ್ಕೆ ದರ ನೆಲಕಚ್ಚಿತ್ತು. ಮಾರಿದ ಕಾಫಿ ಕೊಯ್ಲಿನ ಕೂಲಿಗೇ ಸಾಲುತ್ತಿರಲಿಲ್ಲ. ಅಮ್ಮನ ಬಳೆ ಅಡವಿಗೆ ಹೋಯಿತು, ನನ್ನ ಡಿಗ್ರಿ ಅರ್ಧಕ್ಕೇ ನಿಂತಿತು. ಬಳೆ ಬಿಡಿಸಿಕೊಳ್ಳಲು ಐದು ವರ್ಷ ಹಿಡಿಯಿತು.

ಈಗ ಮೈಸೂರಿನ ತಂಗಿ ಫೋನ್ ಮಾಡಿ, ಪುಡಿ ದುಬಾರಿ, ಚಿಕೋರಿ ಹೆಚ್ಚು ಮಾಡಿಸಿದ್ದೀನಿ ಅಂತಾಳೆ. ‘ನಿನಗೇನಪ್ಪ’ ಎಂದೂ ಸೇರಿಸುತ್ತಾಳೆ. ಮುಂದಿನ ವಾರ ಹೋಗುವಾಗ ಎರಡು ಕಿಲೋ ಪುಡಿ ಒಯ್ಯಬೇಕು.