ಪಿಎ ಸ್ಕೂಲ್ ಕನಸಾ? ಮೊದಲು ಒಂದು ಲಿಸ್ಟ್ ಮಾಡಿ!

"ಸಿ ಬಂತು ಕಣೋ." ಎರಡು ವರ್ಷದ ಹಿಂದೆ, ಡಿಸೆಂಬರ್‌ನ ಒಂದು ರಾತ್ರಿ ನನ್ನ ಹೆಂಡತಿ ಇಷ್ಟು ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು. ಅನಾಟಮಿ, ಕೆಮಿಸ್ಟ್ರಿ, ಬಯಾಲಜಿ ಮೂರನ್ನೂ ಒಂದೇ ಸೆಮಿಸ್ಟರ್‌ಗೆ ತುಂಬಿಕೊಂಡಿದ್ದಳು. "ಬೇಗ ಮುಗಿಸಿಬಿಡು" ಅಂತ ಐಡಿಯಾ ಕೊಟ್ಟಿದ್ದು ನಾನೇ.

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ನನ್ನ ಜೊತೆ ಅಮೆರಿಕಕ್ಕೆ ಬಂದವಳಿಗೆ ಫಿಸಿಶಿಯನ್ ಅಸಿಸ್ಟೆಂಟ್, ಅಂದರೆ ಪಿಎ ಆಗೋ ಆಸೆ. ರೋಗಿಯನ್ನು ಪರೀಕ್ಷಿಸುವುದು, ರೋಗ ಪತ್ತೆ ಮಾಡುವುದು, ಔಷಧ ಬರೆಯುವುದು ಎಲ್ಲವನ್ನೂ ಡಾಕ್ಟರ್‌ಗಳ ತಂಡದಲ್ಲಿದ್ದು ಮಾಡುವ ಕೆಲಸ ಇದು. 1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಶುರುವಾದ ಈ ಕೋರ್ಸ್ ಈಗ ಮಾಸ್ಟರ್ಸ್ ಪದವಿ, ಸಾಮಾನ್ಯವಾಗಿ ಸುಮಾರು 27 ತಿಂಗಳು. ಅದಕ್ಕೆ ಮೊದಲು ಡಿಗ್ರಿ ಮಟ್ಟದಲ್ಲಿ ಕೆಲವು ನಿಗದಿತ ಕೋರ್ಸ್‌ಗಳು ಮುಗಿದಿರಬೇಕು. ತಲೆನೋವು ಶುರುವಾಗೋದೇ ಇಲ್ಲಿ.

"ಬಿ.ಎಸ್ಸಿ. ಇದೆಯಲ್ಲ, ಸಾಕು" ಅಂದುಕೊಂಡಿದ್ವಿ. ಸಾಕಾಗಲಿಲ್ಲ. ಈ ಕೋರ್ಸ್‌ಗಳನ್ನು ಅಮೆರಿಕದ ಕಾಲೇಜಿನಲ್ಲೇ ಮಾಡಿರಬೇಕು ಅನ್ನೋ ಸ್ಕೂಲ್‌ಗಳು ತುಂಬಾ ಇವೆ. ಐದೋ ಹತ್ತೋ ವರ್ಷಕ್ಕಿಂತ ಹಳೆಯ ಕೋರ್ಸ್‌ ಬೇಡ ಅನ್ನೋವೂ ಇವೆ. ಹಾಗಾಗಿ ಅವಳು ಕಮ್ಯುನಿಟಿ ಕಾಲೇಜಿಗೆ ಸೇರಿದಳು.

ಸಿ ಬಂದ ಮೇಲೆ ಗೊತ್ತಾದ ಇನ್ನೊಂದು ವಿಷಯ: ಪಿಎ ಅರ್ಜಿಗಳು ಹೋಗೋದು ಬಹುತೇಕ ಕಾಸ್ಪಾ ಅನ್ನೋ ಒಂದೇ ವ್ಯವಸ್ಥೆ ಮೂಲಕ. ಕೋರ್ಸನ್ನು ಮತ್ತೆ ಮಾಡಿ ಎ ತಗೊಂಡರೂ ಅಲ್ಲಿ ಹಳೇ ಸಿ ಅಳಿಸಿಹೋಗಲ್ಲ. ನಾಲ್ಕು ಕ್ರೆಡಿಟ್‌ಗೆ 2.0, ಮತ್ತೆ ನಾಲ್ಕಕ್ಕೆ 4.0, ಎರಡೂ ಸೇರಿ ಸರಾಸರಿ 3.0. ಸೈನ್ಸ್ ಜಿಪಿಎಯನ್ನು ಬೇರೆಯಾಗಿ ಲೆಕ್ಕ ಹಾಕೋದರಿಂದ ಏಟು ಜೋರಾಗೇ ಬೀಳುತ್ತೆ.

ಆಮೇಲೆ ಇಬ್ಬರೂ ಕೂತು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ್ವಿ. ಹತ್ತು ಸ್ಕೂಲ್‌ಗಳ ಹೆಸರು ಎಕ್ಸೆಲ್‌ಗೆ ಹಾಕಿ, ಯಾವುದು ಏನು ಕೇಳುತ್ತೆ ಅಂತ ಬರೆದ್ವಿ. ಲ್ಯಾಬ್ ಸಹಿತ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ ಹೆಚ್ಚುಕಮ್ಮಿ ಎಲ್ಲ ಕಡೆ ಇದ್ದವು. ಆರ್ಗ್ಯಾನಿಕ್, ಬಯೋಕೆಮಿಸ್ಟ್ರಿ, ಜೆನೆಟಿಕ್ಸ್ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಆನ್‌ಲೈನ್ ಲ್ಯಾಬ್ ಒಪ್ಪುತ್ತಾರಾ, ಕನಿಷ್ಠ ಗ್ರೇಡ್ ಎಷ್ಟು ಅನ್ನೋದಕ್ಕೂ ಒಂದೊಂದು ಕಾಲಂ ಇಟ್ವಿ.

ಅದನ್ನು ನೋಡಿದಾಗ ನನಗೆ ಆಫೀಸಿನ ಪ್ರಾಜೆಕ್ಟ್ ಪ್ಲಾನ್ ನೆನಪಾಯ್ತು. ಇಲ್ಲಿ ಕ್ರಿಟಿಕಲ್ ಪಾತ್ ಅಂದ್ರೆ ಕೆಮಿಸ್ಟ್ರಿ. ಜನರಲ್ ಕೆಮಿಸ್ಟ್ರಿ ಒಂದು, ಎರಡು, ಆಮೇಲೆ ಆರ್ಗ್ಯಾನಿಕ್, ಕೊನೆಗೆ ಬಯೋಕೆಮಿಸ್ಟ್ರಿ. ಒಂದು ಮುಗಿಯದೆ ಇನ್ನೊಂದಕ್ಕೆ ಸೀಟಿಲ್ಲ. ನಾಲ್ಕು ಸೆಮಿಸ್ಟರ್ ಅಲ್ಲೇ ಹೋಯ್ತು. ಆದ್ದರಿಂದ ಕೆಮಿಸ್ಟ್ರಿಯನ್ನು ಮೊದಲ ದಿನವೇ ಶುರು ಮಾಡಿ. ಪಕ್ಕದಲ್ಲಿ ಒಂದೇ ಒಂದು ಲ್ಯಾಬ್ ಕೋರ್ಸ್ ಇರಲಿ. ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿಯನ್ನು ಮಧ್ಯೆ ಎಲ್ಲಿ ಬೇಕಾದರೂ ತುಂಬಿಸಬಹುದು.

ಅಮೆರಿಕದಲ್ಲೇ ಬೆಳೆದು ಈಗ ಕಾಲೇಜಿಗೆ ಹೊರಟಿರುವ ಮಕ್ಕಳು ನಿಮ್ಮ ನೆಂಟರಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಿ. ಪಿಎಗೆ ಇಂಥದ್ದೇ ಮೇಜರ್ ಅಂತಿಲ್ಲ. ಲಿಸ್ಟಿನ ಕೋರ್ಸ್‌ಗಳು ಮುಗಿದಿದ್ದರೆ ಇತಿಹಾಸ ಓದಿದವರೂ ಅರ್ಜಿ ಹಾಕಬಹುದು. ಇಷ್ಟಪಟ್ಟು ಓದೋ ವಿಷಯದಲ್ಲಿ ಗ್ರೇಡ್ ಚೆನ್ನಾಗಿ ಬರೋ ಸಾಧ್ಯತೆಯೂ ಜಾಸ್ತಿ. ಜೊತೆಗೆ ರೋಗಿಗಳ ಆರೈಕೆಯ ಅನುಭವ ಬೇಕು. ಸಾವಿರ ಗಂಟೆ, ಅದಕ್ಕಿಂತ ಹೆಚ್ಚು ಕೇಳೋ ಸ್ಕೂಲ್‌ಗಳೂ ಇವೆ. ಟೈಮ್‌ಟೇಬಲ್‌ನಲ್ಲಿ ಅದಕ್ಕೂ ಜಾಗ ಬಿಡಿ.

ನಮ್ಮ ಎಕ್ಸೆಲ್ ಶೀಟ್ ಈಗ ಪ್ರಿಂಟಾಗಿ ಫ್ರಿಜ್ ಮೇಲಿದೆ. ಅನಾಟಮಿ ಮತ್ತೆ ಮಾಡಿದಳು, ಎ ಬಂತು. ಬಯೋಕೆಮಿಸ್ಟ್ರಿ ಒಂದು ಬಾಕಿ. ಈ ಸಲ "ಬೇಗ ಮುಗಿಸು" ಅಂತ ನಾನು ಹೇಳಿಲ್ಲ; ಸಂಜೆ ಅಡುಗೆ ನಂದು ಅಂದಿದ್ದೀನಿ.