ಸುನ್ನತಿಯಿಂದ ಲೈಂಗಿಕ ಸುಖ ಕುಂದುತ್ತದೆಯೇ? ಸಂಶೋಧನೆಗಳು ಹೇಳುವುದೇನು?

ಸುನ್ನತಿ ಮಾಡಿಸಿಕೊಂಡರೆ ಲೈಂಗಿಕ ಶಕ್ತಿ ಹೆಚ್ಚುತ್ತದೆ ಎನ್ನುವವರಿದ್ದಾರೆ. ಸುಖವೇ ಹೊರಟುಹೋಗುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಮುಸ್ಲಿಮರು ಮತ್ತು ಯಹೂದಿಗಳಲ್ಲಿ ಇದು ಧಾರ್ಮಿಕ ಆಚರಣೆ. ಆದರೆ ವೈದ್ಯರ ಸಲಹೆಯಂತೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾದ ಬೇರೆಯವರನ್ನೂ ಇದೇ ಅನುಮಾನ ಕಾಡುತ್ತದೆ. ನಾಚಿಕೆಯಿಂದ ಯಾರೂ ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೇ.

ಶಿಶ್ನದ ತುದಿಯನ್ನು ಮುಚ್ಚಿರುವ ಮುಂದೊಗಲನ್ನು ತೆಗೆಯುವುದೇ ಸುನ್ನತಿ. ಹೆಣ್ಣುಮಕ್ಕಳ ಜನನಾಂಗ ಕತ್ತರಿಸುವ ಪದ್ಧತಿಗೆ ಇದನ್ನು ಹೋಲಿಸುವಂತಿಲ್ಲ. ಅದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ, ಹಾನಿಯೇ ಹೆಚ್ಚು.

ಎಚ್‌ಐವಿ ತಡೆಯುತ್ತದೆಯೇ?

ದಕ್ಷಿಣ ಆಫ್ರಿಕಾ, ಕೀನ್ಯಾ ಮತ್ತು ಉಗಾಂಡಾದಲ್ಲಿ ಸುಮಾರು 11 ಸಾವಿರ ಪುರುಷರನ್ನು ಒಳಗೊಂಡ ಮೂರು ದೊಡ್ಡ ಅಧ್ಯಯನಗಳ ವರದಿ 2005ರಿಂದ 2007ರ ನಡುವೆ ಪ್ರಕಟವಾಯಿತು. ಹೆಣ್ಣಿನಿಂದ ಗಂಡಿಗೆ ಎಚ್‌ಐವಿ ಹರಡುವ ಸಾಧ್ಯತೆ ಸುನ್ನತಿಯಿಂದ ಶೇ.50ರಿಂದ 60ರಷ್ಟು ತಗ್ಗುತ್ತದೆ ಎಂದು ಇವು ತೋರಿಸಿದವು. ಮುಂದೊಗಲಿನ ಒಳಪದರದಲ್ಲಿ ವೈರಸ್‌ಗೆ ಸುಲಭವಾಗಿ ಸಿಗುವ ಜೀವಕೋಶಗಳಿರುವುದೇ ಇದಕ್ಕೆ ಮುಖ್ಯ ಕಾರಣ. ಇದರ ಆಧಾರದ ಮೇಲೆ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಎಚ್‌ಐವಿ ವ್ಯಾಪಕವಾಗಿರುವ ಪ್ರದೇಶಗಳಲ್ಲಿ ಸ್ವಯಂಪ್ರೇರಿತ ಸುನ್ನತಿಗೆ ಶಿಫಾರಸು ಮಾಡಿತು.

ಆದರೆ ಈ ಶಿಫಾರಸು ಎಲ್ಲ ದೇಶಗಳಿಗೂ ಅಲ್ಲ. ಭಾರತದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಸುಮಾರು ಶೇ.0.2 ಮಾತ್ರ. ಅಲ್ಲದೆ ಸೋಂಕಿತ ಪುರುಷ ಸುನ್ನತಿ ಮಾಡಿಸಿಕೊಂಡ ಮಾತ್ರಕ್ಕೆ ಆತನ ಸಂಗಾತಿಗೆ ರಕ್ಷಣೆ ಸಿಗುವುದಿಲ್ಲ. ಸುನ್ನತಿ ಕಾಂಡೋಮ್‌ಗೆ ಬದಲಿಯಲ್ಲ.

ಸುಖದ ಪ್ರಶ್ನೆ

ವಾದ-ವಿವಾದ ಹೆಚ್ಚಿರುವುದು ಇಲ್ಲಿಯೇ. ಮುಂದೊಗಲಿನಲ್ಲಿ ನರಗಳ ತುದಿಗಳು ದಟ್ಟವಾಗಿವೆ, ಅದನ್ನು ತೆಗೆದರೆ ಸಂವೇದನೆ ಕಡಿಮೆಯಾಗುತ್ತದೆ ಎನ್ನುವುದು ವಿರೋಧಿಗಳ ವಾದ. ಸುನ್ನತಿಯಾದ ಪುರುಷರಲ್ಲಿ ಸುಖದ ಪರಾಕಾಷ್ಠೆ ತಲುಪಲು ಕಷ್ಟಪಡುವವರು ಹೆಚ್ಚು ಎಂದು 2011ರಲ್ಲಿ ಡೆನ್ಮಾರ್ಕ್‌ನ ಸಮೀಕ್ಷೆಯೊಂದು ಹೇಳಿತ್ತು. ಆದರೆ ಅದರಲ್ಲಿ ಸುನ್ನತಿಯಾದವರ ಸಂಖ್ಯೆ ಕಡಿಮೆ ಇತ್ತು.

ಕೀನ್ಯಾ ಮತ್ತು ಉಗಾಂಡಾದಲ್ಲಿ ಸುನ್ನತಿಯಾದವರನ್ನೂ ಆಗದವರನ್ನೂ ಎರಡು ವರ್ಷ ಗಮನಿಸಿದಾಗ ನಿಮಿರುವಿಕೆಯಲ್ಲಾಗಲಿ, ತೃಪ್ತಿಯಲ್ಲಾಗಲಿ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಒಟ್ಟಾರೆ ನೋಡಿದರೆ ಸುನ್ನತಿ ಶಕ್ತಿ ಹೆಚ್ಚಿಸುವ ಮದ್ದೂ ಅಲ್ಲ, ಪುರುಷತ್ವ ಕಸಿಯುವ ಕತ್ತರಿಯೂ ಅಲ್ಲ. ಹಾಗಿದ್ದರೂ ವೈಯಕ್ತಿಕ ಅನುಭವ ಬೇರೆ ಬೇರೆ ಇರಬಹುದು.

ಯಾರಿಗೆ ಅಗತ್ಯ?

ಮುಂದೊಗಲು ಹಿಂದೆ ಸರಿಯದ ಸ್ಥಿತಿಗೆ ಫೈಮೋಸಿಸ್ ಎನ್ನುತ್ತಾರೆ. ಹತೋಟಿಯಲ್ಲಿಲ್ಲದ ಮಧುಮೇಹ ಇರುವವರಲ್ಲಿ ಪದೇ ಪದೇ ಸೋಂಕಾಗಿ ಚರ್ಮ ಬಿರಿದು ಬಿಗಿಯಾಗುವುದುಂಟು. ಹಲವು ಸಂದರ್ಭಗಳಲ್ಲಿ ಸ್ಟಿರಾಯ್ಡ್ ಮುಲಾಮಿನಿಂದಲೇ ಗುಣವಾಗುತ್ತದೆ. ಗುಣವಾಗದಿದ್ದರೆ ಸುನ್ನತಿಯೇ ದಾರಿ. ಇಂಥವರು ಸುಖ ಹೋದೀತೆಂಬ ಭಯಕ್ಕೆ ಚಿಕಿತ್ಸೆ ಮುಂದೂಡಬಾರದು. ಬಹುಕಾಲ ಉಳಿದ ಫೈಮೋಸಿಸ್ ಶಿಶ್ನದ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುತ್ತದೆ.

ಎಳೆಯ ಮಕ್ಕಳಲ್ಲಿ ಮುಂದೊಗಲು ಅಂಟಿಕೊಂಡಿರುವುದು ಸಹಜ. ಸ್ನಾನ ಮಾಡಿಸುವಾಗ ಬಲವಂತವಾಗಿ ಹಿಂದಕ್ಕೆ ಎಳೆಯಬೇಡಿ, ಬೆಳೆದಂತೆ ತಾನಾಗಿಯೇ ಬಿಡುತ್ತದೆ. ಮೂತ್ರದ್ವಾರ ಕೆಳಭಾಗದಲ್ಲಿರುವ ಮಗುವಿಗೆ ಸುನ್ನತಿ ಮಾಡಿಸಬಾರದು. ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗಬಹುದು.

ಧರ್ಮದ ಕಾರಣಕ್ಕೆ ಮಾಡಿಸುವವರೂ ನುರಿತ ವೈದ್ಯರಲ್ಲೇ ಮಾಡಿಸುವುದು ಕ್ಷೇಮ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದರೆ ಮೊದಲೇ ತಿಳಿಸಿ. ವಯಸ್ಕರಾದರೆ ಗಾಯ ಪೂರ್ತಿ ಮಾಯುವವರೆಗೆ, ಅಂದರೆ ಸುಮಾರು ಆರು ವಾರ, ಲೈಂಗಿಕ ಸಂಪರ್ಕ ಬೇಡ.